ಸಿತ್ತನ್ನವಾಸಲ್: ಬಣ್ಣಕ್ಕೂ ಒಂದು ಶಾಸನ

ಪುದುಕ್ಕೋಟ್ಟೈ ಹತ್ತಿರದ ಸಿತ್ತನ್ನವಾಸಲ್ ಜೈನ ಗುಹೆಯ ತಾವರೆಕೊಳದ ಚಿತ್ರ ಗುಂಪುಗಳಲ್ಲಿ ಓಡಾಡುವಾಗೆಲ್ಲ ಅಡಿಬರಹ ಒಂದೇ: "7ನೇ ಶತಮಾನ, ಪಲ್ಲವ ಮಹೇಂದ್ರವರ್ಮ". ನನ್ನ ತಕರಾರು ಇರೋದು ಇಲ್ಲೇ.

ಮಹೇಂದ್ರನಿಗೆ 'ಚಿತ್ರಕಾರಪ್ಪುಲಿ' ಎಂಬ ಬಿರುದಿತ್ತು, ಮೊದಲು ಜೈನನಾಗಿದ್ದ ಎಂಬ ಐತಿಹ್ಯವೂ ಇದೆ. ಕಥೆ ಚೆನ್ನಾಗಿ ಕೂಡುತ್ತೆ, ನಿಜ. ಆದರೆ ಬಿರುದು ಗೋಡೆಗೆ ಗಾರೆ ಬಳಿಯೋದಿಲ್ಲವಲ್ಲ!

ಗುಹೆಯ ಮುಂಭಾಗಕ್ಕೆ ತಾಗಿದ ಬಂಡೆಯ ಮೇಲೇ ತಮಿಳು ಶಾಸನವಿದೆ. ಪಾಂಡ್ಯ ಅವನಿಪಶೇಖರ ಶ್ರೀವಲ್ಲಭನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಧುರೆಯ ಆಚಾರ್ಯ ಇಳಂಗೌತಮನ್ ಒಳಮಂಟಪವನ್ನು ಜೀರ್ಣೋದ್ಧಾರ ಮಾಡಿ ಮುಖಮಂಟಪ ಸೇರಿಸಿದ ಎನ್ನುತ್ತದೆ. ತಾವರೆಕೊಳ ಇರುವುದು ಆ ಒಳಮಂಟಪದ ಚಾವಣಿಯಲ್ಲೇ. ರಿಪೇರಿ ಮಾಡಿದವನು ಹಳೇ ಬಣ್ಣವನ್ನು ಮುಟ್ಟದೆ ಬಿಟ್ಟ ಅನ್ನೋದಾದರೆ ಸಾಕ್ಷಿ ಕೊಡಬೇಕಾದವರು ಅವರೇ.

ಹಾಗಂತ ಎಲ್ಲವನ್ನೂ ಪಾಂಡ್ಯರ ಲೆಕ್ಕಕ್ಕೆ ಬರೆಯೋದೂ ಅವಸರ. 1940ರ ದಶಕದಲ್ಲಿ ಸ್ವಚ್ಛಗೊಳಿಸಿದಾಗ ಅಡಿಯಲ್ಲಿ ಇನ್ನೂ ಹಳೆಯ ಪದರ ಸಿಕ್ಕಿತು. ಆದ್ದರಿಂದ ಗುಹೆ ಕೊರೆದ ಕಾಲ, ಮೊದಲ ಬಣ್ಣ, ಇಳಂಗೌತಮನ ಕೆಲಸ ಇವು ಮೂರು ಬೇರೆ ಪ್ರಶ್ನೆಗಳು. ಕಂಬದ ಮೇಲಿನ ರಾಜ-ರಾಣಿಯನ್ನು ಮೊದಲು ಮಹೇಂದ್ರ ಅಂದರು, ಆಮೇಲೆ ಶ್ರೀವಲ್ಲಭ ಅಂದರು. ಕಾಲ ಇಟ್ಟುಕೊಂಡು ರಾಜನನ್ನು ಗುರುತಿಸಿ, ಮತ್ತೆ ಅದೇ ರಾಜನಿಂದ ಕಾಲ ಹೇಳಿದರೆ ಅದು ಗಾಣ ಸುತ್ತಿದ ಹಾಗೆ.

ಸ್ಥಿತಿ? ಚಾವಣಿಯಲ್ಲಿ ಮೀನು, ಹಂಸ, ಎಮ್ಮೆ, ಆನೆ, ತಾವರೆ ಕೀಳುವ ಮೂವರು ಇನ್ನೂ ಕಾಣುತ್ತಾರೆ. ಜೈನರ ಸಮವಸರಣದ ಕೊಳ ಅದು. ಕಂಬದ ನರ್ತಕಿಯರು ಬರೀ ಗೆರೆಗಳಾಗಿ ಉಳಿದಿದ್ದಾರೆ. ಇಳಂಗೌತಮನ ಮುಖಮಂಟಪ ಬಿದ್ದುಹೋಗಿದೆ. ಈಗ ಎದುರಿಗೆ ಕಾಣುವ ಕಂಬಗಳು ಕುಡುಮಿಯಾನ್‌ಮಲೈಯಿಂದ ತಂದು ನಿಲ್ಲಿಸಿದವು. ಎಂಜಿನಿಯರ್ ಕಣ್ಣಿಗೆ ಇದೇ ಮುಖ್ಯ: ಒಳಗಿನ ಬಣ್ಣಕ್ಕೆ ಮಳೆ-ಬಿಸಿಲಿನ ತಡೆಯಾಗಿದ್ದದ್ದೇ ಆ ಮಂಟಪ. ಮೇಲಿನ ಪದರ ಉದುರಿದ ಜಾಗದಲ್ಲಿ ಕೆಳಗಿನದು ಇಣುಕಿದರೆ ಅದನ್ನು 'ಕಲೆ' ಎಂದು ಒರೆಸಿಬಿಡುವ ಅಪಾಯವೂ ಉಂಟು.

ಅಂದಹಾಗೆ, ಅದೇ ಬೆಟ್ಟದ ಏಳಡಿಪ್ಪಟ್ಟಂ ಗವಿಯ ತಮಿಳು-ಬ್ರಾಹ್ಮಿ ಶಾಸನದಲ್ಲಿ 'ಎರುಮಿ ನಾಡು' ಬರುತ್ತೆ. ಅದು ನಮ್ಮ ಮೈಸೂರು ಸೀಮೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೋದವರು ಅದನ್ನೂ ನೋಡಿ ಬನ್ನಿ.

ಅಡಿಬರಹಕ್ಕೆ ನನ್ನ ಸಲಹೆ: "ಕಾಣುವ ಪದರ 9ನೇ ಶತಮಾನ, ಇಳಂಗೌತಮನ ಜೀರ್ಣೋದ್ಧಾರ, ಅಡಿಯಲ್ಲಿ ಹಳೆಯ ಪದರವಿದೆ."