ಮಿರಜದ ತಂಬೂರಿಗೆ ಹಣ ಹಾಕಬೇಕೇ?

ಹಿಂದೂಸ್ತಾನಿ ಗಾಯನ ಕಲಿಯುವ ಮಗನೋ ಮಗಳೋ ಇರುವ ಸಂಕೇಶ್ವರದ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ಮಿರಜಕ್ಕೆ ಹೋಗಿ ಒಳ್ಳೆಯ ತಂಬೂರಿ ಮಾಡಿಸಿ ತರೋಣವೇ, ಇಲ್ಲ ಇಲೆಕ್ಟ್ರಾನಿಕ್ ತಂಬೂರಿಯಲ್ಲೇ ನಡೆಸೋಣವೇ? ಮೊಬೈಲಿನ ಆ್ಯಪ್ ಪುಕ್ಕಟೆ ಸಿಗುತ್ತದೆ. ಇಲೆಕ್ಟ್ರಾನಿಕ್ ಪೆಟ್ಟಿಗೆ ಕೆಲವು ಸಾವಿರಕ್ಕೆ ಬರುತ್ತದೆ. ಹೆಸರುವಾಸಿ ಕಾರೀಗರನ ಕೈಯಿಂದ ಬಂದ ತಂಬೂರಿಗಾದರೆ ಹತ್ತಾರು ಸಾವಿರ ಎಣಿಸಬೇಕು. ಕಬ್ಬಿನ ಬಿಲ್ಲು ಜಮಾ ಆದ ಮೇಲೆ ಮನೆಯವರೆಲ್ಲ ಕೂತು ತೀರ್ಮಾನಿಸುವ ಖರ್ಚು ಅದು. ಆದ್ದರಿಂದ ಪರಂಪರೆಯ ಮಾತನ್ನು ಸ್ವಲ್ಪ ಬದಿಗಿಟ್ಟು, ಈ ವಾದ್ಯ ತನ್ನ ಬೆಲೆಗೆ ತಕ್ಕದ್ದೇ ಎಂದು ನೋಡುವುದು ನ್ಯಾಯ.

ಚಿಕ್ಕೋಡಿ, ಅಂಕಲಿ ದಾಟಿ ಕೃಷ್ಣೆಯ ಆಚೆ ಹೋದರೆ ಮಿರಜ. ಪಟವರ್ಧನರ ಸಂಸ್ಥಾನವಾಗಿದ್ದ ಊರು. ಕತ್ತಿ ಸಾಣೆ ಹಿಡಿಯುವ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ತಂತಿವಾದ್ಯದ ಕೆಲಸಕ್ಕೆ ಕೈಹಾಕಿದರು. ಅವರಲ್ಲಿ ಫರೀದಸಾಹೇಬರ ಹೆಸರು ಇವತ್ತಿಗೂ ಅಲ್ಲಿ ಗೌರವದಿಂದ ಕೇಳಿಬರುತ್ತದೆ. ಆ ಕೆಲಸ ಬೆಳೆಯಲು ಊರಿನ ಗಾಯಕರೂ ಕಾರಣ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ದರ್ಗಾದಲ್ಲೇ ಇದೆ, ಉರುಸಿನಲ್ಲಿ ಇಂದಿಗೂ ಹಾಡುಗಾರಿಕೆ ನಡೆಯುತ್ತದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಎಳೆಯ ವಯಸ್ಸಿನಲ್ಲಿ ನೀಲಕಂಠಬುವಾ ಅವರ ಬಳಿ ಕಲಿತದ್ದೂ ಮಿರಜದಲ್ಲಿ. ಇಂಥ ಕಿವಿಗಳ ಮಧ್ಯೆ ಇದ್ದ ಕಾರೀಗರನಿಗೆ ತನ್ನ ವಾದ್ಯದ ಕೊರತೆ ಬೇಗನೆ ಗೊತ್ತಾಗುತ್ತಿತ್ತು. ಮಿರಜದ ತಂಬೂರಿಯ ಗುಣಕ್ಕೆ ಮರ, ಬುರುಡೆಗಳಿಗಿಂತ ಈ ನೆರೆಹೊರೆಯೇ ದೊಡ್ಡ ಕಾರಣ ಎಂಬುದು ನನ್ನ ಎಣಿಕೆ.

2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸಂತೋಷದ ಸಂಗತಿ. ಆದರೆ ಕೊಳ್ಳುವವರು ಒಂದನ್ನು ನೆನಪಿಡಬೇಕು: ಆ ಮಾನ್ಯತೆ ವಾದ್ಯ ಎಲ್ಲಿಯದು ಎಂದು ಹೇಳುತ್ತದೆ. ನಿಮ್ಮ ಮುಂದಿರುವ ತಂಬೂರಿ ಚೆನ್ನಾಗಿ ನುಡಿಯುತ್ತದೆಯೇ ಎಂಬುದನ್ನು ನಿಮ್ಮ ಕಿವಿಯೇ ಹೇಳಬೇಕು.

ವಾದ್ಯದ ಒಡಲಿಗೆ ಬೇಕಾದ ದೊಡ್ಡ ಬುರುಡೆಗಳು ಪಂಢರಪುರ, ಮಂಗಳವೇಢೆಯ ಕಡೆಯಿಂದ ಬರುತ್ತವೆ. ಕಾಯಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಕೊರೆದು, ಅದರ ಬಾಯಿಗೆ ತೂನ್ ಮರದ ತಬಲಿ, ಅಂದರೆ ಮುಚ್ಚುಹಲಗೆ, ಕೂರಿಸುತ್ತಾರೆ. ಅದಕ್ಕೆ ಟೊಳ್ಳು ದಂಡಿ, ಬಿರಡೆ, ಕುದುರೆ, ನಾಲ್ಕು ತಂತಿ. ಬರೆದರೆ ಇಷ್ಟೇ. ಬುರುಡೆ ತೆಳುವಾಗಿದ್ದರೆ, ಮರ ಹಸಿಯಾಗಿದ್ದರೆ ಎರಡು ಮಳೆಗಾಲ ಕಳೆಯುವುದರೊಳಗೆ ತಬಲಿ ಕುಸಿಯುತ್ತದೆ, ದಂಡಿ ಬಾಗುತ್ತದೆ. ಮೇಲೆ ಗಟ್ಟಿ ಪಾಲಿಶ್ ಹೊಡೆದುಬಿಟ್ಟರೆ ಇದು ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಮಾಡಿಸುವವರು ಪಾಲಿಶ್ ಆಗುವ ಮೊದಲೇ ಒಮ್ಮೆ ಹೋಗಿ ಕಟ್ಟಿಗೆಯನ್ನು ನೋಡಿ ಬರುವುದು ಒಳ್ಳೆಯದು. ಮನಸ್ಸಿನಿಂದ ಕೆಲಸ ಮಾಡುವ ಕಾರೀಗರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ನಿಜವಾಗಿ ಹಣ ಕೊಡಬೇಕಾದದ್ದು ಜವಾರಿಗೆ, ಅಂದರೆ ತಂತಿ ಕೂರುವ ಕುದುರೆಯನ್ನು ನಾದಕ್ಕೆ ಹದಗೊಳಿಸುವ ಕೆಲಸಕ್ಕೆ. ಕುದುರೆಯ ಮೇಲ್ಮೈ ನೋಡಲು ಚಪ್ಪಟೆ. ಬೆರಳಾಡಿಸಿದರೆ ಮಾತ್ರ ಅದರ ಸಣ್ಣ ಇಳಿಜಾರು ತಿಳಿಯುತ್ತದೆ. ತಂತಿ ಅದರ ಮೇಲೆ ಒಂದು ಬಿಂದುವಿನಲ್ಲಿ ಕೂರದೆ ಕಂಪಿಸುತ್ತ ಆ ಇಳಿಜಾರನ್ನು ಸವರಿಕೊಂಡು ಏಳುತ್ತದೆ. ಕಾರೀಗರ ತಂತಿ ಸಡಿಲಿಸಿ, ಸಣ್ಣ ಅರದಿಂದ ಎರಡು ಸಲ ಉಜ್ಜಿ, ಮತ್ತೆ ಬಿಗಿಮಾಡಿ, ಮೀಟಿ, ತಲೆ ಓರೆಮಾಡಿ ಕೇಳುತ್ತಾನೆ. ಪುನಃ ಸಡಿಲಿಸುತ್ತಾನೆ. ಕೊನೆಗೆ ತಂತಿಯ ಕೆಳಗೆ ಹತ್ತಿಯ ಒಂದು ಎಳೆ ಇಟ್ಟು ಹಿಂದೆ ಮುಂದೆ ಸರಿಸುತ್ತಾನೆ. ಆ ಎಳೆಯೇ ಜೀವಾಳ. ಒಂದು ಜಾಗದಲ್ಲಿ ತಂತಿ ಮಂಕಾಗಿ ಠಣ್ ಎಂದು ನಿಲ್ಲುತ್ತದೆ. ಕೂದಲೆಳೆಯಷ್ಟು ಸರಿಸಿದರೆ ಅದೇ ತಂತಿಯಿಂದ ಮೇಲಿನ ಸ್ವರಗಳೆಲ್ಲ ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ, ಮಂದ್ರ ಷಡ್ಜದೊಳಗಿಂದ ಯಾರೂ ಮೀಟದ ಗಾಂಧಾರ ಕೇಳಿಸುತ್ತದೆ. ಸ್ವರಗಳು ಧಾರಾಳವಾಗಿ ತೆರೆದುಕೊಂಡರೆ ಖುಲಿ ಜವಾರಿ, ಅಡಕವಾಗಿದ್ದರೆ ಬಂದ್ ಜವಾರಿ. ಯಾವ ಗಂಟಲಿಗೆ ಯಾವುದು ಹೊಂದುತ್ತದೆ ಎಂಬುದನ್ನು ಗುರು ಮತ್ತು ಕಾರೀಗರ ಸೇರಿ ನಿರ್ಧರಿಸಬೇಕು.

ಇದು ಬರೀ ಭಾವನೆಯ ಮಾತಲ್ಲ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಉಪಸ್ವರಕ್ಕೆ ತಂತಿಯ ಯಾವ ಬಿಂದು ನಿಶ್ಚಲವೋ ಅಲ್ಲೇ ಮೀಟಿದರೆ ಆ ಉಪಸ್ವರ ಹುಟ್ಟಬಾರದು ಎಂಬುದು ಆಗ ಎಲ್ಲರೂ ಒಪ್ಪಿದ ನಿಯಮ. ನಮ್ಮ ಈ ವಾದ್ಯಗಳಲ್ಲಿ ಆ ಉಪಸ್ವರವೂ ಸ್ಪಷ್ಟವಾಗಿ ಕೇಳುತ್ತದೆ, ಅದಕ್ಕೆ ಕಾರಣ ಕುದುರೆಯ ಬಾಗು ಎಂದು ರಾಮನ್ ತೋರಿಸಿದರು. ಅರ ಹಿಡಿದ ಕೈಗಳಿಗೆ ಅದು ಎಂದಿನಿಂದಲೋ ಗೊತ್ತಿತ್ತು.

ಹಾಗಾದರೆ ಹೆಚ್ಚಿನ ಬೆಲೆ ಎಲ್ಲಿಗೆ ಹೋಗುತ್ತದೆ? ಬಹಳಷ್ಟು ಕಡೆ ಅಲಂಕಾರಕ್ಕೆ. ತಬಲಿಯ ಅಂಚಿನ ಬಿಳಿ ಪಟ್ಟಿಯ ಚಿತ್ತಾರ, ಕೆತ್ತಿದ ಎಲೆಬಳ್ಳಿ, ದಂಡಿಯ ತುದಿಯ ನವಿಲು. ಕೆಲಸ ಚೆಂದವೇ, ಮಾಡಿದವನ ಶ್ರಮಕ್ಕೆ ಬೆಲೆಯೂ ಇದೆ. ಆದರೆ ನಾದಕ್ಕೆ ಅದರಿಂದ ಏನೂ ಸೇರುವುದಿಲ್ಲ. ನಿರಾಭರಣ ತಂಬೂರಿ ಕೇಳಿ, ಉಳಿದ ಹಣವನ್ನು ಹಳೆಯ ಕಟ್ಟಿಗೆಗೂ ನುರಿತ ಕೈಯ ಜವಾರಿಗೂ ಹಾಕಿ ಎಂದೇ ನಾನು ಹೇಳುವುದು.

ಇದೇ ಪ್ರಶ್ನೆಯನ್ನು ಇಂದಿನ ಹುಡುಗರು ಎಲೆಕ್ಟ್ರಿಕ್ ಗಿಟಾರಿನ ಬಗ್ಗೆ ಕೇಳುತ್ತಾರೆ. ಪಾಲ್ ರೀಡ್ ಸ್ಮಿತ್ 1985ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಕಂಪನಿ ಶುರುಮಾಡಿದ ಮೇಲೆ, ಆಯ್ದ ಮರದಿಂದ ಮಾಡಿದ ದುಬಾರಿ ಗಿಟಾರುಗಳಿಗೆ ದೊಡ್ಡ ಮೆರುಗು ಬಂತು. ಅಲ್ಲಿನ ಮೇಲ್ದರ್ಜೆಯ ಒಂದು ಗಿಟಾರು ಇಲ್ಲಿಗೆ ಬರುವ ಹೊತ್ತಿಗೆ ಕೆಲವು ಲಕ್ಷ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವೂ ಪ್ರಪಂಚದ ಗಿಟಾರುಗಳ ಬೆರಳುಹಲಗೆಯಾಗಿದೆ. ಇಷ್ಟಾದರೂ ಎಲೆಕ್ಟ್ರಿಕ್ ಗಿಟಾರಿನ ಒಡಲು ಗಟ್ಟಿ ಹಲಗೆ. ತಂತಿಯ ಕಂಪನವನ್ನು ಅಯಸ್ಕಾಂತ, ತಾಮ್ರದ ಸುರುಳಿಯ ಪಿಕಪ್ ಹಿಡಿಯುತ್ತದೆ, ಆಂಪ್ಲಿಫೈಯರ್ ಅದಕ್ಕೆ ಬಣ್ಣ ಕೊಡುತ್ತದೆ. ಕುತ್ತಿಗೆ ನೇರವಿದ್ದು ಫ್ರೆಟ್‌ಗಳು ಸಮನಾಗಿ ಕೂತ ಮಧ್ಯಮ ಬೆಲೆಯ ಗಿಟಾರು, ಅದರ ಜೊತೆ ಒಳ್ಳೆಯ ಆಂಪ್ ಇದ್ದರೆ ಕಲಿಯುವವನಿಗೆ ಏನೂ ಕಡಿಮೆಯಾಗದು. ಅದರ ಮೇಲಿನ ಲಕ್ಷಗಳು ಹೆಚ್ಚಾಗಿ ಮರದ ಗೆರೆಗೂ ಹೆಸರಿಗೂ ಹೋಗುತ್ತವೆ. ಅದೂ ಅಲ್ಲದೆ ಅಂಥ ಗಿಟಾರು ಕೆಟ್ಟರೆ ಸಂಕೇಶ್ವರದಿಂದ ಬೆಂಗಳೂರಿಗೋ ಪುಣೆಗೋ ಹೊತ್ತೊಯ್ಯಬೇಕು. ತಂಬೂರಿಯ ಲೆಕ್ಕ ಬೇರೆ. ಅದರಲ್ಲಿ ಬುರುಡೆ, ತಬಲಿ, ಕುದುರೆ ಬಿಟ್ಟರೆ ನಾದಕ್ಕೆ ಮತ್ತೊಂದು ಆಸರೆ ಇಲ್ಲ. ಕೈಕೆಲಸಕ್ಕೆ ಹೆಚ್ಚು ಕೊಡುವುದು ಯಾವುದಾದರೂ ವಾದ್ಯದಲ್ಲಿ ಸಾರ್ಥಕವಾಗುವುದಾದರೆ ಅದು ಇದರಲ್ಲಿ.

ಇಲೆಕ್ಟ್ರಾನಿಕ್ ತಂಬೂರಿಯನ್ನು ಹೀಗಳೆಯುವುದು ಸರಿಯಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ರೂಪಿಸಿದ ಆ ಪೆಟ್ಟಿಗೆಯಿಂದ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಶ್ರುತಿ ದಕ್ಕಿತು. ಹುಕ್ಕೇರಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಪಾಠಕ್ಕೆ ಹೋಗುವ ಹುಡುಗಿ ತಂಬೂರಿಯಂಥ ದೊಡ್ಡ ವಾದ್ಯ ಹೊರಲಾರಳು. ವಾರಕ್ಕೊಮ್ಮೆ ಕೂಡುವ ಭಜನಾ ಮಂಡಳಿಗೆ ಪೇಟಿಯ ಜೊತೆ ಆ ಪೆಟ್ಟಿಗೆ ಧಾರಾಳ ಸಾಕು. ಆದರೆ ಅದು ಕಿವಿಯ ಕೆಲಸವನ್ನು ತಾನೇ ಮಾಡಿಕೊಡುತ್ತದೆ, ನನ್ನ ತಕರಾರು ಇರುವುದು ಅಲ್ಲಿ. ಗುಂಡಿ ತಿರುಗಿಸಿದರೆ ಬೇಕಾದ ಶ್ರುತಿ ಸಿಕ್ಕಿತು: ಕಪ್ಪು ಒಂದು ಬಂತು, ಬಿಳಿ ಐದು ಬಂತು. ಬಿರಡೆ ತಿರುವಿ, ತಂತಿಯಲ್ಲಿ ಪೋಣಿಸಿದ ಮಣಿ ಸರಿಸಿ, ಜೋಡಿ ಷಡ್ಜಗಳ ನಡುವಿನ ಅಲುಗಾಟ ನಿಲ್ಲುವವರೆಗೆ ಕಾಯುವ ಕಾಲು ಗಂಟೆಯಲ್ಲಿ ವಿದ್ಯಾರ್ಥಿ ಕಲಿಯುವುದನ್ನು ಆ ಗುಂಡಿ ಕಲಿಸದು. ಮಾಲಕಂಸಕ್ಕೆ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದಾಗ ಇಡೀ ವಾದ್ಯದ ಮುಖವೇ ಬದಲಾಗುವುದನ್ನು ಕೈಯಿಂದ ಮಾಡಿದವರಿಗೆ ಆ ರಾಗದ ಅರ್ಧ ಅಲ್ಲೇ ತಿಳಿಯುತ್ತದೆ.

ಕೊಂಡ ಮೇಲಿನ ಖರ್ಚನ್ನೂ ಹೇಳಬೇಕು. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯ ಮಳೆಗಾಳಿ ಸಂಕೇಶ್ವರಕ್ಕೂ ತಟ್ಟುತ್ತದೆ. ಆಷಾಢ, ಶ್ರಾವಣದಲ್ಲಿ ಬಿರಡೆಗಳು ಉಬ್ಬಿ ಬಿಗಿಯುತ್ತವೆ, ಬೇಸಿಗೆಯಲ್ಲಿ ಜಾರುತ್ತವೆ. ಜಾರಿದರೆ ಸೀಮೆಸುಣ್ಣ ಹಚ್ಚಬೇಕು. ದಿನಾ ಮೀಟುವ ವಾದ್ಯದಲ್ಲಿ ತಂತಿ ಕುದುರೆಯನ್ನು ಸವೆಸುತ್ತದೆ, ಜವಾರಿ ಮತ್ತೆ ಮಾಡಿಸಬೇಕಾಗುತ್ತದೆ. ಪರದೇಶದ ಕನ್ನಡ ಕುಟುಂಬಗಳಿಗೆ ಇದೇ ದೊಡ್ಡ ತಾಪತ್ರಯ. ಸಂಕೇಶ್ವರದವರಿಗೆ ಮಾತ್ರ ಮಾಡಿದ ಕಾರೀಗರನೇ ಅರ್ಧ ದಿನದಲ್ಲಿ ಹೋಗಿಬರುವಷ್ಟು ಹತ್ತಿರ ಇದ್ದಾನೆ. ಈ ಅನುಕೂಲ ದೊಡ್ಡ ನಗರಗಳಲ್ಲಿ ಬಹಳ ಮಂದಿಗೆ ಇಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು. ಹಾಡು ಶುರುಮಾಡಿ ಒಂದೆರಡು ವರ್ಷವಾಗದ ಮಕ್ಕಳಿಗೆ ಈಗಲೇ ಬೇಡ; ದನಿಯೂ ಇನ್ನೂ ನಿಂತಿರುವುದಿಲ್ಲ, ಗಂಡಸಿನ ಶ್ರುತಿಗೆ ಉದ್ದದ ತಂಬೂರಿ, ಹೆಂಗಸಿನ ಶ್ರುತಿಗೆ ಗಿಡ್ಡದು ಎಂಬ ಆಯ್ಕೆಯೇ ಆಗ ತಪ್ಪಬಹುದು. ಗೋಡೆಗೆ ಒರಗಿಸಿಡುವ ಶೋಭೆಗಾಗಿ ಬೇಡವೇ ಬೇಡ. ದಿನಾ ಬೆಳಿಗ್ಗೆ ಕೂತು ರಿಯಾಜು ಮಾಡುವವರು ಸಾಲ ಮಾಡದೆ ಕೂಡಿಟ್ಟ ಹಣದಲ್ಲಿ ತರುವುದಾದರೆ ಧೈರ್ಯವಾಗಿ ತರಲಿ. ಹೋಗುವಾಗ ಗುರುಗಳನ್ನೋ, ಕಿವಿ ಪಳಗಿದ ಹಿರಿಯರನ್ನೋ ಜೊತೆಗೆ ಕರೆದೊಯ್ಯಿರಿ. ಅಂಗಡಿಯಲ್ಲಿ ನಾಲ್ಕು ತಂತಿ ಕೂಡಿಸಿ, ನೀವೇ ಮೀಟಿ, ನಿಮ್ಮ ಷಡ್ಜ ಹಚ್ಚಿ ನೋಡಿದ ಮೇಲೆಯೇ ಮುಂಗಡ ಕೊಡಿ.