ನಿಶ್ಚಯಕ್ಕೂ ಲಗ್ನಕ್ಕೂ ನಡುವೆ

ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಒಂದು ಮದುವೆ ಹೇಗಾಯಿತು ಎಂದು ಕೇಳಿದರೆ ಬರುವ ಉತ್ತರವೆಲ್ಲ ಲಗ್ನದ ದಿನದ್ದೇ. ಹಂದರ ಎಷ್ಟು ದೊಡ್ಡದಿತ್ತು, ಎಷ್ಟು ಮಂದಿ ಉಂಡರು, ಬೀಗರಿಗೆ ಮರ್ಯಾದೆ ಸರಿಯಾಗಿ ಸಂದಿತೇ ಎಂಬುದೇ ಮಾತು. ನಿಶ್ಚಯವಾದ ಮೇಲೆ ಅರಿಶಿಣ ಹಚ್ಚುವವರೆಗಿನ ವಾರಗಳನ್ನು ಯಾರೂ ವಿಚಾರಿಸುವುದಿಲ್ಲ. ಜೋಡಿಯ ಬಾಳಿಗೆ ಬುನಾದಿ ಬೀಳುವುದು, ಬಿರುಕು ಮೂಡುವುದು ಎರಡೂ ಆ ವಾರಗಳಲ್ಲೇ. ಹಿರಿಯರ ಮುಂದೆ ಮಾತುಕತೆ ಕುದುರಿ, ಎಷ್ಟು ತೊಲೆ ಬಂಗಾರ, ವರೋಪಚಾರಕ್ಕೆ ಎಷ್ಟು, ಜವಳಿ ಯಾರದು, ಊಟದ ಖರ್ಚು ಯಾವ ಮನೆಯದು ಎಂಬುದೆಲ್ಲ ಯಾದಿಯಾಗುತ್ತದೆ. ಆ ಯಾದಿ ಬರೆಯುವಾಗ ಹುಡುಗಿ ಒಳಮನೆಯಲ್ಲಿರುತ್ತಾಳೆ, ಹುಡುಗ ತಲೆ ತಗ್ಗಿಸಿ ಕೂತಿರುತ್ತಾನೆ. ಉಳಿದ ಆಯುಷ್ಯವೆಲ್ಲ ಕೂಡಿ ಬಾಳಬೇಕಾದವರಿಗೆ ತಮ್ಮ ಬಾಳಿನ ಮೊದಲ ದೊಡ್ಡ ತೀರ್ಮಾನದಲ್ಲೇ ಪಾಲಿಲ್ಲ. ನಮ್ಮ ಮದುವೆ ತಯಾರಿಯ ಮುಖ್ಯ ಕೊರತೆ ಇದು.

ಕೊರತೆ ಇರುವುದು ಶಾಸ್ತ್ರಗಳಲ್ಲಿ ಎಂಬ ವಾದವೊಂದಿದೆ. ಅಶೋಕನಷ್ಟು ಹಳೆಯದಾದ ಆ ವಾದವನ್ನು ನಾನು ಪೂರ್ತಿ ಒಪ್ಪಲಾರೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಶಾಸನ, ಬಂಡೆ ಶಾಸನಗಳ ದೇವಾನಾಂಪ್ರಿಯನೇ ಅಶೋಕ ಎಂಬುದನ್ನು ಖಚಿತಪಡಿಸಿತು. ಅದೇ ಅಶೋಕನ ಒಂಬತ್ತನೆಯ ಬಂಡೆ ಶಾಸನದ ಒಂದು ಪ್ರತಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮದುವೆ, ಹೆರಿಗೆ, ಕಾಯಿಲೆ, ಪ್ರಯಾಣದ ಹೊತ್ತಿನಲ್ಲಿ ಜನ ಮಾಡುವ ಆಚರಣೆಗಳಿಂದ ಸಿಗುವ ಫಲ ಅಲ್ಪ, ಆಳುಕಾಳುಗಳೊಡನೆ, ಗುರುಹಿರಿಯರೊಡನೆ ಸರಿಯಾಗಿ ನಡೆದುಕೊಳ್ಳುವುದೇ ದೊಡ್ಡ ಫಲದ ಮಂಗಲ ಎಂಬುದು ಅದರ ತಾತ್ಪರ್ಯ. ನಡತೆಯನ್ನು ಆಚರಣೆಗಿಂತ ಮೇಲಿಟ್ಟದ್ದು ಸರಿ. ಹೆಂಗಸರ ಆಚರಣೆಗಳನ್ನು ಅದು ಕ್ಷುಲ್ಲಕವೆಂದದ್ದು ಮಾತ್ರ ನಮ್ಮ ಸೀಮೆಗೆ ಹೊಂದದು. ಇಲ್ಲಿ ಗಂಡು ಹೆಣ್ಣನ್ನು ಹತ್ತಿರ ತರುವ ಗಳಿಗೆಗಳಿರುವುದು ಹೆಂಗಸರು ನಡೆಸುವ ಶಾಸ್ತ್ರಗಳಲ್ಲೇ. ಸುರಗಿ ನೀರಿಗೆ ಇಬ್ಬರೂ ಜೊತೆಯಾಗಿ ಕೂರುತ್ತಾರೆ. ಭೂಮದ ಊಟದಲ್ಲಿ ಒಂದೇ ತಾಟಿಗೆ ಕೈ ಹಾಕುತ್ತಾರೆ. ಮುಂದೆ ಮಂದಿಯೆದುರು ಗಂಡನ ಹೆಸರೆತ್ತದ ಹೆಣ್ಣು ಅಂದು ಒಡಪು ಕಟ್ಟಿ, ನಗುತ್ತಲೇ ಅವನ ಹೆಸರು ಹೇಳುತ್ತಾಳೆ, ಅವನೂ ಅವಳ ಹೆಸರು ಹೇಳಲೇಬೇಕು. ಬಿಡಿಗಾಸು ಖರ್ಚಿಲ್ಲದ ಈ ಪದ್ಧತಿಗಳಿಗೆ ದೊಡ್ಡ ಬೆಲೆಯಿದೆ. ಫೋಟೊ ತೆಗೆಸುವ ಗಡಿಬಿಡಿಯಲ್ಲಿ ಒಡಪು ಹೇಳಿಸುವುದನ್ನು ಬಿಟ್ಟರೆ ಅದು ನಿಜವಾದ ನಷ್ಟ. ಆದರೆ ಇವೆಲ್ಲ ಬರುವುದು ಕೊನೆಗೆ, ಯಾದಿ ಬರೆದು ಸಾಲ ತಂದಾದ ಮೇಲೆ.

ಆ ಸಾಲದ್ದೇ ನಿಜವಾದ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಕಡೆ ಭತ್ತವನ್ನು ನೆಚ್ಚಿ ಲಗ್ನ ಗೊತ್ತುಮಾಡುತ್ತಾರೆ, ಮಳೆಯನ್ನೇ ನಂಬಿದ ಹೊಲಗಳ ಕಡೆ ತೊಗರಿ, ಹತ್ತಿಯನ್ನು ನೆಚ್ಚಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ಈ ನೆಚ್ಚಿಕೆ ಎಷ್ಟು ತೆಳುವಾದದ್ದೆಂದು ಕಾಲುವೆ ಉದ್ದಕ್ಕೂ ಜನರಿಗೆ ಅರಿವಾಯಿತು. ಬೆಳೆ ಕೈಕೊಟ್ಟರೆ ಉಳಿಯುವುದು ಬಡ್ಡಿ. ಅದನ್ನು ತೀರಿಸಲು ಹೊಸ ಜೋಡಿಯೇ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ನಿಲ್ಲುವುದು ಇಲ್ಲಿ ಹೊಸದಲ್ಲ. ಚಿನ್ನ ತೆಗೆಯುವ ಹಟ್ಟಿ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ, ತೊಲೆಯ ಮಾತಿಗೆ ನುಗ್ಗಾಗುವ ಮನೆಗಳೂ ಅದರ ಸುತ್ತಲೇ ಇವೆ. ಸಾಲ ತೀರಿಸಬೇಕಾದವರನ್ನು ಸಾಲ ಮಾಡುವಾಗ ಯಾರೂ ಕೇಳಲಿಲ್ಲ ಎಂಬ ಅನ್ಯಾಯವನ್ನು ನೋಡಿ. ಮೊದಲ ವರ್ಷ ಗಂಡಹೆಂಡಿರ ನಡುವೆ ಹುಟ್ಟುವ “ನಿಮ್ಮವರು ಕೇಳಿದ್ದಕ್ಕೇ”, “ನಿಮ್ಮವರು ಕೊಟ್ಟದ್ದೇನು” ಎಂಬ ಮಾತುಗಳ ಬೇರು ಆ ಯಾದಿಯಲ್ಲಿದೆ. ಈಗ ಕೈಯಲ್ಲಿ ಮೊಬೈಲ್ ಇದೆ, ನಿಶ್ಚಯವಾದ ಜೋಡಿ ರಾತ್ರಿಯೆಲ್ಲ ಮಾತಾಡುತ್ತದೆ ಎನ್ನಬಹುದು. ಮಾತಾಡಲಿ, ಆ ಸಲಿಗೆ ಒಳ್ಳೆಯದೇ. ಆದರೆ ಎಷ್ಟು ಸಾಲವಾಯಿತು, ಮದುವೆಯ ಮೇಲೆ ಓದು ಮುಂದುವರಿಯುತ್ತದೆಯೇ, ಊರಲ್ಲಿರುವುದೋ ದುಡಿಯಲು ಹೊರಡುವುದೋ ಎಂಬುದು ಆ ಮಾತಿನಲ್ಲಿ ಬಾರದಿದ್ದರೆ, ಸಲಿಗೆ ಮೊದಲ ಕಷ್ಟದ ದಿನವನ್ನು ತಾಳಲಾರದು.

ದುಂದಿಗೆ ನಮ್ಮಲ್ಲಿ ಎರಡು ಪರಿಹಾರಗಳಿವೆ. ಜಾತ್ರೆಗೋ ಪುರಾಣ ಮಂಗಲಕ್ಕೋ ಮಠಗಳು ನಡೆಸುವ ಸಾಮೂಹಿಕ ವಿವಾಹ ಬಡ ಮನೆಗಳನ್ನು ಸಾಲದಿಂದ ಉಳಿಸಿದೆ. ಅದರ ಉಪಕಾರ ದೊಡ್ಡದು. ಆದರೆ ಅಲ್ಲಿಯೂ ಜೋಡಿ ತಾಳಿ, ಬಟ್ಟೆ, ಆಶೀರ್ವಾದ ಸ್ವೀಕರಿಸುತ್ತದೆಯೇ ಹೊರತು ಏನನ್ನೂ ತೀರ್ಮಾನಿಸುವುದಿಲ್ಲ. ಇನ್ನೊಂದು ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆದದ್ದು ಹಾಗೆ. ವಧೂವರರು ಅರ್ಥಮಾಡಿಕೊಂಡು ಒಪ್ಪಬೇಕಾದ ಸಂಹಿತೆಯನ್ನು ಅವರ ಮುಂದಿಡುವುದು ಅದರ ಹೆಚ್ಚುಗಾರಿಕೆ. ಕನ್ನಡದಲ್ಲಿ ಮದುವೆಯ ಬಗ್ಗೆ ನಡೆದ ಅತ್ಯಂತ ಗಂಭೀರ ಆಲೋಚನೆಗಳಲ್ಲಿ ಅದೂ ಒಂದು. ಆದರೂ ಅದರ ಗಮನ ಮದುವೆಯ ಗಳಿಗೆಯ ಮೇಲಿದೆ, ಅದಕ್ಕೂ ಹಿಂದಿನ ವಾರಗಳ ಮೇಲಿಲ್ಲ. ಬೀಗರ ಬಲವೇ ಬಾಳಿನ ಬಲವಾಗಿರುವ ನಮ್ಮ ಹಳ್ಳಿಗಳಲ್ಲಿ ಅದು ಬೇರೂರದಿರುವುದಕ್ಕೂ ಕಾರಣವಿದೆ.

ಹಿರಿಯರ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಮದುವೆಯೆಂದರೆ ಎರಡು ಮನೆತನಗಳ ಸಂಬಂಧ, ಹುಡುಗರಿಗೇನು ಗೊತ್ತು ಎನ್ನುತ್ತಾರೆ. ಸಂಬಂಧ ಮನೆತನಗಳದ್ದು ಹೌದು. ಕಷ್ಟಕ್ಕೆ ನಿಲ್ಲುವವರು ಅವರೇ ಆದ್ದರಿಂದ ಅವರನ್ನು ಬದಿಗೆ ಸರಿಸಿ ಎಂದು ನಾನು ಹೇಳುತ್ತಿಲ್ಲ. ಗೊತ್ತಿಲ್ಲದವರಿಗೆ ಗೊತ್ತುಮಾಡಿಕೊಡುವುದೂ ಹಿರಿತನದ ಕೆಲಸ, ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವಲ್ಲಿ ಇಬ್ಬರೂ ಆಡಿ ಬೆಳೆದವರಲ್ಲವೇ ಎಂಬ ಮಾತೂ ಬರುತ್ತದೆ. ಆಡಿ ಬೆಳೆದ ಪರಿಚಯ ಬೇರೆ, ಕೂಡಿ ಬದುಕುವ ಒಪ್ಪಂದ ಬೇರೆ. ಹತ್ತಿರದ ಸಂಬಂಧದಲ್ಲೇ ಬಾಯಿಬಿಟ್ಟು ಕೇಳಲು ಸಂಕೋಚ ಹೆಚ್ಚು. ಇನ್ನು, ಮುಂಚೆಯೇ ಇಷ್ಟೆಲ್ಲ ಮಾತಾಡಿದರೆ ಸಂಬಂಧ ಮುರಿಯಬಹುದೆಂಬ ಭಯ. ಕೆಲವು ಮುರಿಯುತ್ತವೆ, ಮುರಿದ ನಿಶ್ಚಯದ ಅಪವಾದ ಹುಡುಗಿಯ ತಲೆಗೇ ಕಟ್ಟುವ ಊರಿನಲ್ಲಿ ಅದು ಸಣ್ಣ ನೋವಲ್ಲ. ಆದರೆ ಒಂದು ನೇರ ಪ್ರಶ್ನೆಗೆ ಮುರಿಯುವ ಸಂಬಂಧ ತಾಳಿ ಕಟ್ಟಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಅಪವಾದ ಹೊರಿಸುವ ಬಾಯಿಗಳನ್ನು ತಿದ್ದುವುದು ಹಿರಿಯರ ಹೊಣೆ.

ಯಾದಿಯಲ್ಲಿ ಜೋಡಿಗೆ ಪಾಲಿರಬೇಕೆಂಬುದಕ್ಕೆ ಕಾನೂನಿನ ಆಧಾರವೂ ಇದೆ. ವರದಕ್ಷಿಣೆ ಕೊಡುವುದು, ಕೇಳುವುದು 1961ರ ಕಾಯ್ದೆಯಂತೆ ಅಪರಾಧ. ಮನಃಪೂರ್ವಕ ಕೊಟ್ಟ ಉಡುಗೊರೆಗಳಿಗೂ 1985ರ ನಿಯಮಗಳು ಪಟ್ಟಿ ಕೇಳುತ್ತವೆ. ವಧು ತನ್ನದನ್ನು, ವರ ತನ್ನದನ್ನು ಇಡಬೇಕು, ಅದಕ್ಕೆ ಇಬ್ಬರ ಸಹಿಯೂ ಬೇಕು. ಹಾಗಾಗಿ ಈ ಹಂಗಾಮಿನಲ್ಲಿ ನಿಶ್ಚಯ ಮಾಡಿಕೊಂಡಿರುವ ಮನೆಗಳಲ್ಲಿ ನನ್ನ ವಿನಂತಿ ಇಷ್ಟು: ಜವಳಿಗೆ ಹೊರಡುವ ಮೊದಲು ಹುಡುಗ ಹುಡುಗಿಯನ್ನು ಒಂದು ಕಡೆ ಕೂರಿಸಿ, ಖರ್ಚಿನ ಲೆಕ್ಕವನ್ನೂ ಸಾಲದ ಮೊತ್ತವನ್ನೂ ಮುಚ್ಚದೆ ಅವರ ಮುಂದಿಡಿ. ಅವರು ಬೇಡವೆಂದದ್ದನ್ನು ಹೊಡೆದುಹಾಕಿ.