‘ಬಾ’ ಎಂಬ ಮಾತು ಕೆಟ್ಟದ್ದು ಹೇಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪಾಮೇರಿಯನ್ ಮರಿ ಸಾಕಿದವರನ್ನು ಕೇಳಿ ನೋಡಿ: ‘ಭಾಳ ಹಠಮಾರಿ ಐತ್ರಿ, ಮಾತ ಕೇಳಂಗಿಲ್ಲ.’ ಅದೇ ಬಾಯಿ ಪಕ್ಕದ ಜಿಲ್ಲೆಯ ಮುಧೋಳ ನಾಯಿಯನ್ನು ಎತ್ತಿ ಹೊಗಳುತ್ತದೆ. ಅದರ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. ಆ ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಹೋಲಿಕೆ ನ್ಯಾಯದ್ದಲ್ಲ. ಸೇನೆಯ ಮರಿಗೆ ಅದೇ ದಗದ ಮಾಡುವ ತರಬೇತುದಾರರಿದ್ದರು. ನಮ್ಮ ಪಡಸಾಲೆಯ ಮರಿಗೆ ಅಜ್ಜ ‘ಕುಂಡ್ರು’ ಅಂತಾರೆ, ಮೊಮ್ಮಗ ‘ಸಿಟ್’ ಅಂತಾನೆ, ಸೊಸೆ ‘ಕುತ್ಕೋ’ ಅಂತಾಳೆ. ಮೂರು ಮಾತಿಗೂ ಮರಿ ಸುಮ್ಮನೆ ಮುಖ ನೋಡುತ್ತದೆ. ಅದನ್ನು ನಾವು ಹಠ ಎನ್ನುತ್ತೇವೆ.

ಹಠಕ್ಕೆ ಮದ್ದೆಂದು ಹೆಸರಾದದ್ದು ಸುತ್ತಿದ ಪೇಪರಿನ ಏಟು ಮತ್ತು ಉಚ್ಚೆಗೆ ಮೂಗು ತಿಕ್ಕುವುದು. ಇಷ್ಟು ಕೆಟ್ಟ ಪದ್ಧತಿಗೆ ಇಷ್ಟು ಒಳ್ಳೆಯ ಹೆಸರು ಹೇಗೆ ಬಂತೋ. ಇಂಡಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ನಾನೇ ಕಂಡದ್ದನ್ನು ಬಿಡಿಸಿ ನೋಡೋಣ. ಮೂರು ತಿಂಗಳ ಮರಿ ಪರಸಿಕಲ್ಲಿನ ಮೇಲೆ ಉಚ್ಚೆ ಹೊಯ್ದು ಹತ್ತು ನಿಮಿಷವಾಗಿತ್ತು, ಒಂದು ಅಂಚು ಆಗಲೇ ಒಣಗಿತ್ತು. ಯಜಮಾನರು ಅದನ್ನು ಕಂಡರು. ಸಿಟ್ಟು ನುಂಗಿಕೊಂಡು, ದನಿಯಲ್ಲಿ ಬೆಲ್ಲ ತುಂಬಿ ‘ಬಾ, ಬಾ’ ಎಂದರು. ಹೊರಸಿನ ಕೆಳಗಿದ್ದ ಮರಿ ಬಾಲ ಆಡಿಸುತ್ತ ಓಡಿ ಬಂತು. ಕುತ್ತಿಗೆ ಹಿಡಿದರು, ಮೂಗು ತಿಕ್ಕಿದರು, ಎರಡು ಏಟು ಕೊಟ್ಟರು.

ಯಜಮಾನರ ಲೆಕ್ಕದಲ್ಲಿ ಇದು ಉಚ್ಚೆಗೆ ಶಿಕ್ಷೆ. ಮರಿಯ ಲೆಕ್ಕದಲ್ಲಿ ಹಾಗಲ್ಲ. ನಾಯಿಮರಿ ತಾನು ಮಾಡಿದ್ದಕ್ಕೂ ಅದರ ಫಲಕ್ಕೂ ಗಂಟು ಹಾಕುವುದು ಒಂದೆರಡು ಸೆಕೆಂಡಿನೊಳಗೆ. ಏಟಿಗೆ ಮುಂಚೆ ಅದು ಮಾಡಿದ್ದು ಒಂದೇ, ಕರೆದಾಗ ಬಂದದ್ದು. ಪೆಟ್ಟು ಬಿದ್ದದ್ದು ಅದಕ್ಕೇ. ಮರುದಿನ ‘ಬಾ’ ಎಂದರೆ ಮರಿ ಹೊರಸಿನ ಕೆಳಗೇ ಉಳಿಯಿತು, ಹಠ ಇನ್ನೂ ಹೆಚ್ಚಿತೆಂದು ಯಜಮಾನರು ನೊಂದುಕೊಂಡರು. ಏಟು ಫಲವನ್ನೇ ಕೊಡುವುದಿಲ್ಲ ಎನ್ನಲಾರೆ. ಮರಿ ನಿಮ್ಮೆದುರು ಹೊಯ್ಯುವುದನ್ನು ಬಿಡುತ್ತದೆ, ಜೋಳದ ಚೀಲದ ಹಿಂದೆ ಹೊಯ್ಯುತ್ತದೆ.

‘ತಪ್ಪು ಮಾಡೇನಂತ ಅದಕ್ಕ ಗೊತ್ತೈತಿ, ಮಾರಿ ನೋಡ್ರಿ’ ಎಂಬುದು ಪೇಪರಿನವರ ದೊಡ್ಡ ಸಾಕ್ಷಿ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಆ ತಪ್ಪಿತಸ್ಥ ಮುಖ ಬಂದದ್ದು ಯಜಮಾನ ಬೈದಾಗ. ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನಾವು ಓದುತ್ತಿರುವುದು ಭಯವನ್ನು.

ಇನ್ನೂ ಓದಿಕೊಂಡವರು ‘ನಾಯಿ ಅಂದ್ರ ತೋಳ, ಅದಕ್ಕ ನೀವು ಯಜಮಾನ ಅನ್ನೂದು ತೋರಿಸಬೇಕು’ ಎಂದು ವಾದಕ್ಕಿಳಿಯುತ್ತಾರೆ. ಈ ವಾದದ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಬಾಸೆಲ್ ಮೃಗಾಲಯದ ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳನ್ನು. 1970ರ ತಮ್ಮ ಪುಸ್ತಕದಿಂದ ಈ ಮಾತನ್ನು ಊರೂರಿಗೆ ಮುಟ್ಟಿಸಿದ ಡೇವಿಡ್ ಮೆಕ್ ಅವರೇ 1999ರಲ್ಲಿ ತಿದ್ದಿ ಬರೆದರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆತಾಯಿ ಮತ್ತು ಮಕ್ಕಳ ಸಂಸಾರ. ಹೇಳಿದವರೇ ಹಿಂತೆಗೆದುಕೊಂಡ ಮಾತನ್ನು ಹಿಡಿದು ಮೂರು ಕಿಲೋ ಮರಿಯನ್ನು ಅಂಗಾತ ಕೆಡವಿ ಅದುಮುವುದನ್ನು ನಾನು ವಿದ್ಯೆ ಎನ್ನಲಾರೆ. ‘ಸಣ್ಣ ನಾಯಿ, ಎತ್ತಿಕೊಂಡ್ರ ಆತು, ಕಲಿಸೂದೇನು’ ಎನ್ನುವವರ ಅಸಡ್ಡೆಯೂ ಅಷ್ಟೇ ಕೆಟ್ಟದ್ದು. ಎತ್ತಿದಾಗೆಲ್ಲ ಗುರ್ ಎನ್ನುವ ನಾಯಿ ಆ ಅಸಡ್ಡೆಯಿಂದಲೇ ತಯಾರಾಗುತ್ತದೆ.

ಕಲಿಸುವ ದಾರಿ ಬೇಸರ ಬರುವಷ್ಟು ಸರಳ, ಅದಕ್ಕೇ ಅದಕ್ಕೆ ಹೆಸರಿಲ್ಲ. ನಿದ್ದೆಯಿಂದೆದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ, ಎಳೆಯ ಮರಿಯಾದರೆ ಹಗಲಲ್ಲಿ ಎರಡು ತಾಸಿಗೊಮ್ಮೆ, ಅಂಗಳದ ಅದೇ ಜಾಗಕ್ಕೆ ಒಯ್ಯಬೇಕು. ಅಲ್ಲಿ ಹೊಯ್ದ ಕ್ಷಣವೇ, ಅಲ್ಲೇ ನಿಂತು, ಪುಟಾಣಿ ಗಾತ್ರದ ಬೇಯಿಸಿದ ಮೊಟ್ಟೆಯ ಚೂರು ಕೊಡಬೇಕು. ಮನೆಮಂದಿಯೆಲ್ಲ ಒಂದೇ ಮಾತು ಬಳಸಬೇಕು. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು ಒತ್ತಿ ಹೇಳಬೇಕು: ಮನೆಯ ಡಬ್ಬಿಯಲ್ಲಿ ಮನೂಕ ಸದಾ ಇರುತ್ತದೆ, ಮುದ್ದಿಗೆಂದು ಅದನ್ನು ಕೊಡಲೇಬೇಡಿ. ದ್ರಾಕ್ಷಿ, ಮನೂಕ ಎರಡೂ ನಾಯಿಗೆ ವಿಷ, ಮೂತ್ರಪಿಂಡವನ್ನೇ ಕೆಡಿಸಬಲ್ಲವು.

ಕೆಟ್ಟ ಕರೆಯನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಮಾತು ಹುಡುಕುವುದು ಸುಲಭ. ಇಂಡಿಯ ಆ ಮನೆಯಲ್ಲಿ ಈಗ ‘ತಗೋ’ ಎಂದು ಕರೆಯುತ್ತಾರೆ, ನಾಯಿ ಓಡಿ ಬರುತ್ತದೆ. ‘ಬಾ’ ಎಂದರೆ ಇಂದಿಗೂ ಎರಡು ಮಾರು ದೂರದಲ್ಲೇ ನಿಲ್ಲುತ್ತದೆ.